ಕೆಲಸಕ್ಕೆ ಸೇರಿಸಿದರೆ ಮಾತ್ರ ದುಡ್ಡು ಎಂದರೆ ಒಪ್ಪಬೇಕೇ?

ಪ್ರಶ್ನೆ: ನಮ್ಮದು ದಾವಣಗೆರೆ ಜಿಲ್ಲೆಯ ಸಣ್ಣ ಟ್ರಸ್ಟ್. ವಿಕಲಚೇತನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುತ್ತೇವೆ. ಏಳು ಜನ ಸಿಬ್ಬಂದಿ ಇದ್ದೇವೆ. ಇಷ್ಟು ದಿನ ಒಂದು ಕಂಪನಿ ತನ್ನ ಸಿಎಸ್‌ಆರ್ ಹಣದಿಂದ (ಕಾನೂನಿನಂತೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಸಂಬಳ, ಬಾಡಿಗೆ ಎಲ್ಲ ಸೇರಿಸಿ ವರ್ಷಕ್ಕೆ ಇಷ್ಟು ಅಂತ ಕೊಡುತ್ತಿತ್ತು. ಮುಂದಿನ ವರ್ಷದಿಂದ ಹಾಗಿಲ್ಲವಂತೆ. ಕೆಲಸಕ್ಕೆ ಸೇರಿದವರ ತಲೆಗೆ ಇಷ್ಟು ಎಂದು ಕೊಡುತ್ತಾರಂತೆ. "ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಎಲ್ಲ ಕಡೆ ಈಗ ಹೀಗೇ" ಅನ್ನುತ್ತಾರೆ. ಇದು ನಿಜವೇ? ನಾವು ಒಪ್ಪಬೇಕೇ? ಒಪ್ಪುವುದಾದರೆ ಏನು ಕೇಳಬೇಕು?

ಉತ್ತರ: ಮೇಡಂ, ಅವರು ಹೇಳಿದ್ದು ಅರ್ಧ ನಿಜ. ಆ ದೇಶಗಳಲ್ಲಿ ಕೆಲಸ ಸಿಕ್ಕ ಮೇಲೆ ಹಣ ಕೊಡುವ ಪದ್ಧತಿ ಇದೆ. ಆದರೆ ಹಣವನ್ನೆಲ್ಲ ಕೊನೆಗೆ ಇಟ್ಟ ಕಡೆ ಅವರು ಪೆಟ್ಟು ತಿಂದಿದ್ದಾರೆ, ಆಮೇಲೆ ನಿಯಮ ತಿದ್ದಿಕೊಂಡಿದ್ದಾರೆ. ಆ ಇನ್ನರ್ಧ ಕಥೆಯನ್ನು ನಿಮ್ಮ ದಾನಿಗಳಿಗೆ ಯಾರೂ ಹೇಳಿದಂತಿಲ್ಲ. ಈಗ ಬಂದಿರುವ ಕರಾರಿಗೆ ಹಾಗೇ ಸಹಿ ಹಾಕಬೇಡಿ. ಬೇಡವೇ ಬೇಡ ಅಂತ ಎದ್ದು ಬರಲೂಬೇಡಿ. ಹಳೇ ಪದ್ಧತಿಯಲ್ಲೂ ತಪ್ಪಿತ್ತು, ಅದನ್ನೂ ಹೇಳುತ್ತೇನೆ.

ಮೊದಲು ಇಬ್ಬರ ಕಥೆ ಕೇಳಿ. ನಾನು ಈ ಕೆಲಸಕ್ಕೆ ಬಂದು ಕೆಲವು ವರ್ಷ ಆಗಿತ್ತು. ಒಂದೇ ತಿಂಗಳಲ್ಲಿ ಇಬ್ಬರನ್ನು ಕೆಲಸಕ್ಕೆ ಸೇರಿಸಿದೆವು. ಒಬ್ಬಳು ಬಿ.ಕಾಂ. ಮುಗಿಸಿದ ಹುಡುಗಿ, ಒಂದು ಕಾಲಿಗೆ ಪೋಲಿಯೊ. ಟ್ಯಾಲಿ ಚೆನ್ನಾಗಿ ಬರುತ್ತಿತ್ತು. ನಾನು ಎರಡು ಫೋನ್ ಮಾಡಿದೆ, ಒಂದು ದಿನ ಹೋಗಿ ಆಫೀಸಿನ ಮೆಟ್ಟಿಲು, ಶೌಚಾಲಯ ನೋಡಿ ಬಂದೆ. ಇನ್ನೊಂದು ದಿನ ಸಂದರ್ಶನಕ್ಕೆ ಜೊತೆಗೆ ಹೋದೆ. ಅಷ್ಟೇ, ಎರಡು ದಿನದ ಕೆಲಸ.

ಇನ್ನೊಬ್ಬ ಬೌದ್ಧಿಕ ವಿಕಲತೆ ಇದ್ದ ಹುಡುಗ. ಒಂದು ಹೋಟೆಲಿನ ಲಾಂಡ್ರಿಯಲ್ಲಿ ಟವೆಲ್ ಮಡಿಸುವ ಕೆಲಸ. ನಮ್ಮ ಜಾಬ್ ಕೋಚ್, ಅಂದರೆ ಕೆಲಸದ ಜಾಗದಲ್ಲೇ ಜೊತೆಗೆ ನಿಂತು ಕಲಿಸುವವರು, ಮೊದಲ ವಾರ ಬೆಳಿಗ್ಗೆ ಆರೂಕಾಲಿಗೆ ಅವನ ಮನೆಗೇ ಹೋಗುತ್ತಿದ್ದರು, ಬಸ್ ಹತ್ತುವುದನ್ನು ಕಲಿಸಬೇಕಿತ್ತಲ್ಲ. ಮೂರನೇ ದಿನ ನೀಲಿ ಅಂಚಿನ ಟವೆಲ್, ಬಿಳಿ ಟವೆಲ್ ಎಲ್ಲ ಒಂದಾಯಿತು. ಕೋಚ್ ಮೇಜಿನ ಮೇಲೆ ಮೂರು ಕಡೆ ಬಣ್ಣದ ಟೇಪ್ ಅಂಟಿಸಿದರು. ಟವೆಲಿನ ಅಂಚು ಮೊದಲ ಟೇಪಿಗೆ ಬರಬೇಕು, ಮಡಿಸಿದರೆ ಎರಡನೆಯದಕ್ಕೆ, ಮತ್ತೆ ಮಡಿಸಿದರೆ ಮೂರನೆಯದಕ್ಕೆ. ಸ್ಟೀಮ್ ಪ್ರೆಸ್ ಬುಸ್ ಅಂದಾಗಲೆಲ್ಲ ಹುಡುಗ ಕೈಬಿಟ್ಟು ನಿಂತುಬಿಡುತ್ತಿದ್ದ. ಮೇಜನ್ನು ಗೋಡೆಯ ಕಡೆ ಸರಿಸಿದರು. ಐದನೇ ವಾರಕ್ಕೆ ಕೋಚ್ ಬಾಗಿಲ ಹಿಂದೆ ನಿಂತು ನೋಡುವಷ್ಟಾಯಿತು. ಒಂಬತ್ತನೇ ವಾರಕ್ಕೆ ವಾರಕ್ಕೊಮ್ಮೆ ಹೋದರೆ ಸಾಕಾಯಿತು. ನಾಲ್ಕನೇ ತಿಂಗಳು ಸೂಪರ್‌ವೈಸರ್ ಬದಲಾದರು, ಶಿಫ್ಟ್ ಮಧ್ಯಾಹ್ನಕ್ಕೆ ಹೋಯಿತು, ಹುಡುಗ ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಿಬಿಟ್ಟ. ಮಧ್ಯಾಹ್ನದ ಬಸ್ಸಿನ ನಂಬರ್ ಬೇರೆ, ಅವನಿಗೆ ಅದು ಗೊತ್ತಿರಲಿಲ್ಲ, ಅಷ್ಟೇ ಕಾರಣ. ಕೋಚ್ ಮತ್ತೆ ಒಂಬತ್ತು ದಿನ ಜೊತೆಗೆ ಓಡಾಡಿದರು. ಎಲ್ಲ ಕೂಡಿಸಿದರೆ 41 ದಿನ.

ನಮ್ಮ ವರ್ಷದ ವರದಿಯಲ್ಲಿ ಆ ಹುಡುಗಿಯದೂ 1, ಈ ಹುಡುಗನದೂ 1. ನಿಮ್ಮ ದಾನಿಗಳು ಈಗ ತರಲು ಹೊರಟಿರುವ ಲೆಕ್ಕವೂ ಇದೇ. ಯಾವ ದೇಶದ ಯಾವ ಪದ್ಧತಿ ಬಂದರೂ ನಾನು ಕೇಳುವ ಪ್ರಶ್ನೆ ಒಂದೇ. ಈ ನಿಯಮದ ಕೆಳಗೆ ಆ ಹುಡುಗಿಗೆ ಏನಾಗುತ್ತೆ, ಆ ಹುಡುಗನಿಗೆ ಏನಾಗುತ್ತೆ? ನೀವೂ ಈ ಇಬ್ಬರನ್ನು ಮುಂದೆ ಇಟ್ಟುಕೊಂಡೇ ಮಾತಿಗೆ ಕೂರಿ.

ಈಗ ಹಳೇ ಪದ್ಧತಿಯ ತಪ್ಪು. ಸಂಬಳ, ಬಾಡಿಗೆ ವರ್ಷಕ್ಕೊಮ್ಮೆ ಬಂದುಬಿಟ್ಟರೆ ಯಾರಿಗೂ ಅವಸರ ಇರುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಒಂದು ಕೇಂದ್ರದಲ್ಲಿ ಮೇಣದ ಬತ್ತಿ, ಕಾಗದದ ಕವರ್ ಮಾಡಿಸುತ್ತಿದ್ದರು. ಅಲ್ಲಿ ನಾಲ್ಕು ವರ್ಷದಿಂದ 'ತರಬೇತಿ' ಪಡೆಯುತ್ತಿದ್ದ ಯುವಕರಿದ್ದರು. ಹಾಜರಿ ಪುಸ್ತಕ ತುಂಬುತ್ತಿತ್ತು, ಲೆಕ್ಕಪರಿಶೋಧಕರು ಬಂದು ನೋಡಿ ಹೋಗುತ್ತಿದ್ದರು. ಅವರಲ್ಲಿ ಇಬ್ಬರು ಮೂವರಾದರೂ ಹೊರಗೆ ಸಂಬಳದ ಕೆಲಸ ಮಾಡಬಹುದಿತ್ತು ಅಂತ ನನಗೆ ಆಗಲೇ ಗೊತ್ತಿತ್ತು. ಅಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಒಬ್ಬ ಹೊರಗೆ ಹೋದರೆ ಕೇಂದ್ರಕ್ಕೆ ಸಿಗುವುದು ಏನೂ ಇರಲಿಲ್ಲ, ಒಬ್ಬರ ಹಾಜರಿ ಕಮ್ಮಿ ಆಗುತ್ತಿತ್ತು. ಹಾಗಾಗಿ ನಿಮ್ಮ ದಾನಿಗಳು "ಫಲಿತಾಂಶ ಎಲ್ಲಿ?" ಎಂದು ಕೇಳಿದರೆ ಸಿಟ್ಟಾಗಬೇಡಿ. ಅದು ನ್ಯಾಯವಾದ ಪ್ರಶ್ನೆ.

ಇದೇ ಪ್ರಶ್ನೆ ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲೂ ಎದ್ದಿತ್ತು. ಅಲ್ಲಿ ಸರ್ಕಾರದ ವಿಕಲಚೇತನರ ಪುನರ್ವಸತಿ ಇಲಾಖೆ ನಿಮ್ಮಂಥ ಸಂಸ್ಥೆಗಳಿಗೆ ಜಾಬ್ ಕೋಚ್ ಕೆಲಸವನ್ನು ವಹಿಸುತ್ತದೆ. 1990ರ ದಶಕದ ಶುರುವಿನವರೆಗೆ ಗಂಟೆಗೆ ಇಷ್ಟು ಅಂತ ಕೊಡುತ್ತಿತ್ತು. ಅಂದರೆ ದಿನಗೂಲಿ. ಗಂಟೆ ಜಾಸ್ತಿ ಆದಷ್ಟೂ ಬಿಲ್ ಜಾಸ್ತಿ. ಮೌಲ್ಯಮಾಪನ ಮುಗಿಯುತ್ತಲೇ ಇರಲಿಲ್ಲ, ತರಬೇತಿ ಎಳೆಯುತ್ತಿತ್ತು, ಕಾಯುವವರ ಪಟ್ಟಿ ಬೆಳೆಯುತ್ತಿತ್ತು. ಒಬ್ಬರನ್ನು ಕೆಲಸದಲ್ಲಿ ನಿಲ್ಲಿಸಲು ಸರಾಸರಿ 20 ಸಾವಿರ ಡಾಲರ್‌ಗೂ ಜಾಸ್ತಿ ಖರ್ಚಾಗುತ್ತಿತ್ತು.

ಅವರು ಮಾಡಿದ್ದು ನಮ್ಮೂರಲ್ಲಿ ಮನೆ ಕಟ್ಟಿಸುವವರು ಮಾಡುವ ಕೆಲಸವನ್ನೇ. ಮೇಸ್ತ್ರಿಗೆ ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಮೋಲ್ಡ್‌ಗೆ ಇಷ್ಟು ಅಂತ ಮಾತಾಡಿಕೊಳ್ಳುತ್ತೇವಲ್ಲ, ಹಾಗೆ. ದಿನಗೂಲಿ ಕೊಟ್ಟರೆ ಗೋಡೆ ಏಳುವುದಿಲ್ಲ. ಎಲ್ಲ ಹಣ ಗೃಹಪ್ರವೇಶದ ದಿನ ಕೊಡುತ್ತೇನೆ ಎಂದರೆ ಸಣ್ಣ ಮೇಸ್ತ್ರಿ ಕೆಲಸಕ್ಕೇ ಬರುವುದಿಲ್ಲ. ಒಕ್ಲಹೋಮಾದವರು ಇದಕ್ಕೆ ಮೈಲ್‌ಸ್ಟೋನ್ ಪದ್ಧತಿ ಎಂದು ಹೆಸರಿಟ್ಟರು. ಪ್ರತಿ ಸಂಸ್ಥೆಯೂ ಒಬ್ಬ ವ್ಯಕ್ತಿಗೆ ಸರಾಸರಿ ಎಷ್ಟು ಬೇಕು ಎಂದು ತನ್ನ ದರ ಹೇಳುತ್ತಿತ್ತು. ಆ ಹಣ ಏಳು ಕಂತಿನಲ್ಲಿ ಬರುತ್ತಿತ್ತು.

ಈ ಕಂತುಗಳನ್ನು ಸ್ವಲ್ಪ ನಿಧಾನವಾಗಿ ಓದಿ. ವ್ಯಕ್ತಿಗೆ ಏನು ಬೇಕು ಎಂದು ತಿಳಿದುಕೊಂಡು ಯೋಜನೆ ಬರೆದರೆ ಶೇ 10. ಕೆಲಸಕ್ಕೆ ತಯಾರಿ ಮಾಡಿಸಿದರೆ ಶೇ 10. ಕೆಲಸಕ್ಕೆ ಸೇರಿಸಿದರೆ ಶೇ 10. ಕೆಲಸದ ಜಾಗದಲ್ಲಿ ನಿಂತು ಕಲಿಸಿದರೆ ಶೇ 10. ಕೆಲಸ ಉಳಿಸಿಕೊಂಡರೆ ಶೇ 15. ಕೋಚ್ ಹಿಂದೆ ಸರಿದ ಮೇಲೂ ಸ್ಥಿರವಾಗಿ ನಿಂತರೆ ಶೇ 20. ಕೊನೆಗೆ, ಎಲ್ಲ ಸರಿಹೋಗಿ ಕಡತ ಮುಚ್ಚಿದಾಗ ಶೇ 25.

ನಿಮ್ಮ ದಾನಿಗಳು ನೂರಕ್ಕೆ ನೂರು ಕೊಡುತ್ತೇವೆ ಅನ್ನುವ ದಿನಕ್ಕೆ, ಅಂದರೆ ಕೆಲಸಕ್ಕೆ ಸೇರಿದ ದಿನಕ್ಕೆ, ಒಕ್ಲಹೋಮಾದಲ್ಲಿ ಸಿಗುತ್ತಿದ್ದದ್ದು ಬರೀ 10. ಆ ದಿನದ ಹಿಂದೆ 20 ಇದೆ, ಮುಂದೆ 70 ಇದೆ. ಈ ಹಂಚಿಕೆ ಕೋಚ್‌ನ ಬೆವರು ಎಲ್ಲಿ ಬೀಳುತ್ತದೋ ಅಲ್ಲಿಗೇ ಹಣವನ್ನು ಕಳಿಸುತ್ತದೆ. ಟವೆಲ್ ಹುಡುಗನ 41 ದಿನದಲ್ಲಿ ಕೆಲಸಕ್ಕೆ ಸೇರುವ ಮೊದಲು ಹೋದದ್ದು ನಾಲ್ಕೋ ಐದೋ ದಿನ. ಉಳಿದದ್ದೆಲ್ಲ ಆಮೇಲಿನದು.

ಫಲ ಏನಾಯಿತು? ಕೆಲವೇ ವರ್ಷದಲ್ಲಿ ಒಬ್ಬರಿಗೆ ಆಗುವ ಖರ್ಚು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಕಾಯುವ ಕಾಲವೂ ಕಮ್ಮಿ ಆಯಿತು. ಗಂಟೆ ಗಂಟೆಯ ಲೆಕ್ಕ ಬರೆಯುವ ಕೆಲಸ ತಪ್ಪಿ ಕೋಚ್‌ಗಳಿಗೆ ಸಮಯ ಉಳಿಯಿತು. 1997ರಲ್ಲಿ ಈ ಪದ್ಧತಿಗೆ ಹಾರ್ವರ್ಡ್‌ನ ಕೆನಡಿ ಸ್ಕೂಲ್ ನಡೆಸುವ 'ಇನೊವೇಶನ್ಸ್ ಇನ್ ಅಮೆರಿಕನ್ ಗವರ್ನಮೆಂಟ್' ಪ್ರಶಸ್ತಿಯೂ ಬಂತು.

ಇಷ್ಟೇ ಆಗಿದ್ದರೆ ನಾನು ಅದನ್ನು ಇಷ್ಟು ಹೊಗಳುತ್ತಿರಲಿಲ್ಲ. ಯಾಕೆಂದರೆ ಒಂದೇ ದರ ಇಟ್ಟರೆ ಸಂಸ್ಥೆಗಳು ಬಿ.ಕಾಂ. ಹುಡುಗಿಯನ್ನೇ ಹುಡುಕಿಕೊಂಡು ಹೋಗುತ್ತವೆ. ಈ ಕ್ಷೇತ್ರದಲ್ಲಿ ಇದಕ್ಕೆ ಕೆನೆ ತೆಗೆಯುವುದು ಅಂತಲೇ ಹೆಸರು. ಒಕ್ಲಹೋಮಾದವರಿಗೆ ಇದು ಮೊದಲೇ ಹೊಳೆದಿತ್ತು. ಅವರು ಎರಡು ದರ ಇಟ್ಟರು. ಹೆಚ್ಚು ಬೆಂಬಲ ಬೇಕಾದವರಿಗೆ ಹೆಚ್ಚು ದರ. ಪದ್ಧತಿಯ ಪ್ರಾಣ ಇರುವುದು ಈ ಎರಡನೇ ದರದಲ್ಲಿ ಎಂದು ನನ್ನ ಅಭಿಪ್ರಾಯ.

ಅಮೆರಿಕದ ಇನ್ನೊಂದು ನಿಯಮವನ್ನೂ ನೀವು ತಿಳಿದಿರಬೇಕು. ಅಲ್ಲಿನ ಪುನರ್ವಸತಿ ಇಲಾಖೆ ಒಂದು ಕಡತವನ್ನು ಯಶಸ್ವಿ ಎಂದು ಮುಚ್ಚಬೇಕಾದರೆ ವ್ಯಕ್ತಿ ಕನಿಷ್ಠ 90 ದಿನ ಕೆಲಸದಲ್ಲಿ ಇರಬೇಕು. ಜೊತೆಗೆ ಆ ವ್ಯಕ್ತಿಯೂ ಇಲಾಖೆಯ ಸಲಹೆಗಾರರೂ "ಹೌದು, ಈ ಕೆಲಸ ತೃಪ್ತಿಕರವಾಗಿದೆ" ಎಂದು ಒಪ್ಪಬೇಕು. ನಮ್ಮಲ್ಲಿ ಆಫರ್ ಲೆಟರ್‌ನ ಜೆರಾಕ್ಸ್ ಇದ್ದರೆ ಮುಗಿಯಿತು, ಅಲ್ವಾ? ಕೆಲಸ ಹಿಡಿಸಿತೇ ಅಂತ ಕೆಲಸ ಮಾಡುವವರನ್ನು ಯಾರೂ ಕೇಳುವುದಿಲ್ಲ. 2014ರಲ್ಲಿ ಹೊಸ ಕಾನೂನು ಬಂದ ಮೇಲೆ ಅಲ್ಲಿ 'ಕೆಲಸ' ಅನ್ನುವ ಪದಕ್ಕೂ ಅಳತೆ ಗಟ್ಟಿಯಾಯಿತು. ಎಲ್ಲರ ನಡುವೆ ಇರುವ ಕೆಲಸ ಆಗಿರಬೇಕು, ಕನಿಷ್ಠ ವೇತನಕ್ಕೆ ಕಮ್ಮಿ ಇರಬಾರದು, ಅದೇ ಕೆಲಸ ಮಾಡುವ ಬೇರೆಯವರಿಗೆ ಏನು ಸಂಬಳವೋ ಅದೇ ಇವರಿಗೂ ಸಿಗಬೇಕು. ಮೇಣದ ಬತ್ತಿಯ ಕೊಠಡಿ ಅಲ್ಲಿನ ಲೆಕ್ಕದಲ್ಲಿ ಕೆಲಸ ಅಲ್ಲ.

ಹಣವನ್ನು ಪೂರ್ತಿ ಕೊನೆಗೆ ತಳ್ಳಿದರೆ ಏನಾಗುತ್ತದೆ ಎನ್ನುವುದಕ್ಕೂ ಅಮೆರಿಕದಲ್ಲೇ ಉದಾಹರಣೆ ಇದೆ. 1999ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಒಂದು ಕಾನೂನಿಗೆ ಸಹಿ ಹಾಕಿದರು. ಅದರಿಂದ ಹುಟ್ಟಿದ್ದು 'ಟಿಕೆಟ್ ಟು ವರ್ಕ್' ಯೋಜನೆ. ಅಂಗವಿಕಲರ ಭತ್ಯೆ ಪಡೆಯುವವರ ಕೈಗೆ ಒಂದು ಟಿಕೆಟ್. ಅವರು ಅದನ್ನು ತಮಗೆ ಬೇಕಾದ ಸಂಸ್ಥೆಗೆ ಕೊಡಬಹುದು. ಆಲೋಚನೆ ತುಂಬಾ ಚೆನ್ನಾಗಿತ್ತು, ಆಯ್ಕೆ ಸಂಸ್ಥೆಯದಲ್ಲ, ಆ ವ್ಯಕ್ತಿಯದು. ಆದರೆ ಹಣ ಬರುತ್ತಿದ್ದದ್ದು ಹೇಗೆ? ವ್ಯಕ್ತಿ ದುಡಿಯಲು ಶುರು ಮಾಡಿದ ಮೇಲೆ. ಅದರಲ್ಲೂ ದೊಡ್ಡ ಪಾಲು ಅವರು ಭತ್ಯೆ ಬಿಡುವಷ್ಟು ಸಂಪಾದಿಸಿದ ತಿಂಗಳುಗಳಿಗೆ ಮಾತ್ರ, 60 ತಿಂಗಳಿಗೆ ಹರಡಿಕೊಂಡು. ಸಣ್ಣ ಸಂಸ್ಥೆಗಳು ಲೆಕ್ಕ ಹಾಕಿ ನೋಡಿ ಹಿಂದೆ ಸರಿದವು. ಟಿಕೆಟ್ ಕೈಯಲ್ಲಿ ಹಿಡಿದ ಲಕ್ಷಾಂತರ ಜನರಿಗೆ ಅದನ್ನು ತೆಗೆದುಕೊಳ್ಳುವವರೇ ಸಿಗಲಿಲ್ಲ. ಕೊನೆಗೆ 2008ರಲ್ಲಿ ನಿಯಮ ತಿದ್ದಿ, ಮೊದಲ ಹಂತಗಳಿಗೇ ಹೆಚ್ಚು ಹಣ ಸಿಗುವ ಹಾಗೆ ಮಾಡಿದರು.

ನಿಮ್ಮ ಸ್ಥಿತಿಗೆ ಇದನ್ನು ಹಾಕಿ ನೋಡಿ. ಏಪ್ರಿಲ್‌ನಲ್ಲಿ ಬ್ಯಾಚ್ ಶುರು. ಮೂರು ತಿಂಗಳು ತರಬೇತಿ. ಕೆಲಸ ಹುಡುಕಲು ಎರಡು ತಿಂಗಳು. ಕೆಲಸಕ್ಕೆ ಸೇರಿ ಮೂರು ತಿಂಗಳು ಆದ ಮೇಲೆ ದಾಖಲೆ ಕೊಡಿ, ಪರಿಶೀಲಿಸಿ ಹಣ ಹಾಕುತ್ತೇವೆ ಅಂದರೆ ಮೊದಲ ರೂಪಾಯಿ ಬರುವಾಗ ಜನವರಿ. ಅಲ್ಲಿಯವರೆಗೆ ಏಳು ಜನರ ಸಂಬಳ ಎಲ್ಲಿಂದ ತರುತ್ತೀರಿ? ದೊಡ್ಡ ಸಂಸ್ಥೆಗಳಿಗೆ ಗಂಟು ಇರುತ್ತದೆ, ನಿಮಗಿಲ್ಲ. ತಲೆಗೆ ಇಷ್ಟು ಎಂಬ ಪದ್ಧತಿ ಹೀಗೆ ಬಂದರೆ ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಸಣ್ಣವರು ಮೊದಲು ಬಾಗಿಲು ಹಾಕುತ್ತಾರೆ. ಆ ಹಳ್ಳಿಗಳಿಗೆ ದೊಡ್ಡವರು ಹೋಗುವುದಿಲ್ಲ.

ಇಂಗ್ಲೆಂಡಿನದು ಇನ್ನೂ ನೋವಿನ ಪಾಠ. 2011ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರ 'ವರ್ಕ್ ಪ್ರೋಗ್ರಾಂ' ಶುರು ಮಾಡಿತು. ಬಹುಕಾಲದಿಂದ ಕೆಲಸ ಇಲ್ಲದವರು, ಕಾಯಿಲೆ ಅಥವಾ ವಿಕಲತೆ ಇರುವವರು ಎಲ್ಲ ಅದರಲ್ಲೇ. ಜನರನ್ನು ಒಂಬತ್ತು ಗುಂಪು ಮಾಡಿ, ಕಷ್ಟದ ಗುಂಪಿಗೆ ಜಾಸ್ತಿ ದರ ಇಟ್ಟರು. ಅತಿ ಹೆಚ್ಚಿನ ದರದ ಗುಂಪಿಗೆ ಒಬ್ಬರಿಗೆ 13,700 ಪೌಂಡ್‌ವರೆಗೆ. ಹೆಸರು ನೋಂದಾಯಿಸಿದಾಗ ಕೊಡುವ ಸಣ್ಣ ಮೊತ್ತವನ್ನು ವರ್ಷ ವರ್ಷ ಇಳಿಸುತ್ತಾ ಸೊನ್ನೆಗೆ ತಂದರು. ಉಳಿದದ್ದೆಲ್ಲ ಫಲಿತಾಂಶಕ್ಕೆ. ಮೊದಲ 14 ತಿಂಗಳಲ್ಲಿ ಕೆಲಸದಲ್ಲಿ ನೆಲೆ ನಿಂತವರು ಶೇ 3.6. ಸರ್ಕಾರ ಇಟ್ಟುಕೊಂಡಿದ್ದ ಅಂದಾಜು ಶೇ 11.9.

ನೋಡಿ, ಇಲ್ಲಿ ಎರಡು ದರ ಅಲ್ಲ, ಒಂಬತ್ತು ಗುಂಪು ಇದ್ದವು. ಆದರೂ ಯಾಕೆ ಕೆಟ್ಟಿತು? ಗುಂಪು ಮಾಡಿದ್ದು ಯಾರು ಯಾವ ಭತ್ಯೆ ಪಡೆಯುತ್ತಾರೆ ಅನ್ನುವುದರ ಮೇಲೆ. ಯಾರಿಗೆ ಎಷ್ಟು ಬೆಂಬಲ ಬೇಕು ಅನ್ನುವುದರ ಮೇಲಲ್ಲ. ಒಂದೇ ಭತ್ಯೆಯ ಗುಂಪಿನಲ್ಲಿ ನಮ್ಮ ಹುಡುಗಿಯೂ ಇರಬಹುದು, ಹುಡುಗನೂ ಇರಬಹುದು. ಕೆಲಸಕ್ಕೆ ಸೇರಿಸುವ ಗುತ್ತಿಗೆ ಹಿಡಿದ ಕಂಪನಿ ಯಾರನ್ನು ಮೊದಲು ಕರೆಯುತ್ತದೆ? ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2014ರಲ್ಲಿ ಹೇಳಿದ ಮಾತು ಇದು: ಕಷ್ಟದ ಗುಂಪುಗಳಿಗೆ ಖರ್ಚು ಮಾಡುತ್ತೇವೆ ಎಂದು ಟೆಂಡರ್‌ನಲ್ಲಿ ಬರೆದುಕೊಟ್ಟಿದ್ದರಲ್ಲಿ ಗುತ್ತಿಗೆದಾರರು ಅರ್ಧಕ್ಕೂ ಹೆಚ್ಚು ಇಳಿಸಿದ್ದರು. ಆ ಜನರ ಹೆಸರು ಪಟ್ಟಿಯಲ್ಲಿ ಇರುತ್ತಿತ್ತು. ಆಗಾಗ ಒಂದು ಫೋನ್ ಹೋಗುತ್ತಿತ್ತು. ಅಷ್ಟೇ. ಅಲ್ಲಿ ಇದನ್ನು ಪಾರ್ಕಿಂಗ್ ಅನ್ನುತ್ತಾರೆ, ಗಾಡಿ ನಿಲ್ಲಿಸಿ ಹೋದ ಹಾಗೆ ಮನುಷ್ಯರನ್ನು ನಿಲ್ಲಿಸಿ ಹೋಗುವುದು. ಮನುಷ್ಯರಿಗೆ ಆ ಪದ ಬಳಸುವ ಸ್ಥಿತಿ ಬಂತಲ್ಲ ಎಂದು ಓದಿದಾಗಲೆಲ್ಲ ಸಂಕಟ ಆಗುತ್ತದೆ.

ಇದರಿಂದ ನಿಮಗೊಂದು ಎಚ್ಚರಿಕೆ. ದಾನಿಗಳು ಎರಡು ದರಕ್ಕೆ ಒಪ್ಪಿದರೆ, "ಯುಡಿಐಡಿ ಕಾರ್ಡಿನಲ್ಲಿ (ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಚೀಟಿ) ಇರುವ ವಿಕಲತೆಯ ಶೇಕಡಾವಾರು ನೋಡಿ ದರ ಇಡೋಣ" ಎಂದೇ ಹೇಳುತ್ತಾರೆ. ಅವರಿಗೆ ಅದು ಸುಲಭ. ಒಪ್ಪಬೇಡಿ. ಆ ಕಾರ್ಡ್ ಶರೀರದ ಮಾತು ಹೇಳುತ್ತದೆ, ಕೆಲಸದ ಮಾತು ಹೇಳುವುದಿಲ್ಲ. ಶೇ 75 ಇರುವ ವೀಲ್‌ಚೇರ್ ಬಳಸುವ ಅಕೌಂಟೆಂಟ್‌ಗೆ ಒಂದು ರ‍್ಯಾಂಪ್ ಸಾಕಾಗಬಹುದು. ಶೇ 50 ಇರುವ ಟವೆಲ್ ಹುಡುಗನಿಗೆ 41 ದಿನ ಬೇಕು. ಒಂಟಿಯಾಗಿ ಬಸ್ಸಿನಲ್ಲಿ ಹೋಗಬಲ್ಲರೇ, ಮೊದಲು ಎಲ್ಲಾದರೂ ಸಂಬಳಕ್ಕೆ ದುಡಿದಿದ್ದಾರೆಯೇ, ಮಾತಲ್ಲಿ ಹೇಳಿದ್ದನ್ನು ಹಿಡಿಯುತ್ತಾರೋ ತೋರಿಸಿಕೊಡಬೇಕೋ, ಸಂಜ್ಞಾ ಭಾಷೆ ಬಲ್ಲವರು ಕೆಲಸದ ಜಾಗದಲ್ಲಿ ಇದ್ದಾರೆಯೇ, ಮನೆಯವರು ಕಳಿಸಲು ಮನಸ್ಸು ಮಾಡಿದ್ದಾರೆಯೇ. ದರವನ್ನು ಇಂಥ ಪ್ರಶ್ನೆಗಳ ಮೇಲೆ ನಿರ್ಧರಿಸಬೇಕು. ಯಾರು ಯಾವ ದರಕ್ಕೆ ಸೇರುತ್ತಾರೆ ಎಂದು ನೀವೊಬ್ಬರೇ ಹೇಳಬೇಡಿ. ಎಲ್ಲರನ್ನೂ ಮೇಲಿನ ದರಕ್ಕೆ ಹಾಕಿದ್ದೀರಿ ಎಂಬ ಅನುಮಾನ ಬರುತ್ತದೆ. ಹೊರಗಿನ ಒಬ್ಬ ವಿಶೇಷ ಶಿಕ್ಷಕರನ್ನೋ ಆಕ್ಯುಪೇಷನಲ್ ಥೆರಪಿಸ್ಟರನ್ನೋ ಆ ಕೆಲಸಕ್ಕೆ ಕೂರಿಸಿ.

ಆಸ್ಟ್ರೇಲಿಯಾ ಈ ವಿಷಯದಲ್ಲಿ ಎಲ್ಲರಿಗಿಂತ ಜಾಸ್ತಿ ಪ್ರಯೋಗ ಮಾಡಿದ ದೇಶ. 2010ರ ಮಾರ್ಚ್‌ನಲ್ಲಿ 'ಡಿಸೆಬಿಲಿಟಿ ಎಂಪ್ಲಾಯ್‌ಮೆಂಟ್ ಸರ್ವಿಸಸ್' ಶುರುವಾಯಿತು. ಜನ ಡಿಇಎಸ್ ಅನ್ನುತ್ತಾರೆ. ಸೇವೆಗೆ ಒಂದು ಭಾಗ ಹಣ, ಕೆಲಸದಲ್ಲಿ 13 ವಾರ ಮತ್ತು 26 ವಾರ ನಿಂತರೆ ಇನ್ನೊಂದು ಭಾಗ. 2018ರ ಜುಲೈನಲ್ಲಿ ದೊಡ್ಡ ಬದಲಾವಣೆ ಮಾಡಿದರು. ಸೇವೆಗೆ ಅರ್ಧ, ಫಲಿತಾಂಶಕ್ಕೆ ಅರ್ಧ ಎಂಬ ಗುರಿ ಇಟ್ಟುಕೊಂಡರು. 4 ವಾರ, 13 ವಾರ, 26 ವಾರ, 52 ವಾರ ಎಂದು ನಾಲ್ಕು ಮೆಟ್ಟಿಲು ಮಾಡಿದರು. ಕೆಲಸ ಸಿಗುವುದು ಎಷ್ಟು ಕಷ್ಟ ಎಂದು ಅಂದಾಜು ಹಾಕಿ ಐದು ದರ ಇಟ್ಟರು. ಯಾವ ಸಂಸ್ಥೆಗೆ ಹೋಗಬೇಕು ಎಂಬ ಆಯ್ಕೆಯನ್ನು ಜನರಿಗೇ ಬಿಟ್ಟರು. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ನಿಯಮ ಬರೆಯುವುದು ಕಷ್ಟ.

ಆದರೂ ಒಂದು ಕಿಂಡಿ ಉಳಿದಿತ್ತು. ಸೇರಿದವರು ಅರ್ಹವಾದ ಒಂದು ಕೋರ್ಸಿಗೆ ಹೋಗಿ ಅಲ್ಲಿ ಉಳಿದರೂ ಸಂಸ್ಥೆಗೆ ಫಲಿತಾಂಶದ ಹಣ ಸಿಗುತ್ತಿತ್ತು. ಕೆಲಸ ಹುಡುಕುವುದಕ್ಕಿಂತ ಕೋರ್ಸಿಗೆ ಸೇರಿಸುವುದು ಸುಲಭ. ಕೋರ್ಸ್ ಲೆಕ್ಕದ ಫಲಿತಾಂಶಗಳು ಸರ್ರನೆ ಏರಿದವು. 2020ರಲ್ಲಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಸರ್ಕಾರಕ್ಕಾಗಿ ಮಾಡಿದ ಪರಿಶೀಲನೆಯಲ್ಲಿ, ಖರ್ಚು ಏರಿದ್ದಕ್ಕೆ ತಕ್ಕಂತೆ ಕೆಲಸ ಸಿಕ್ಕಿಲ್ಲ ಎಂಬುದು ಬಯಲಾಯಿತು. ಕೋರ್ಸ್ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಓದು ಬೇಕಾದವರಿಗೆ ಓದು ಸಿಗಲೇಬೇಕು. ಹಣ ಎಲ್ಲಿ ಸುಲಭವಾಗಿ ಸಿಗುತ್ತದೋ ಕೆಲಸ ಅತ್ತ ಹರಿಯುತ್ತದೆ, ಅಷ್ಟು ಮಾತ್ರ ಹೇಳುತ್ತಿದ್ದೇನೆ. 2025ರ ನವೆಂಬರ್ 1ರಿಂದ ಅಲ್ಲಿ ಡಿಇಎಸ್ ಹೋಗಿ 'ಇನ್‌ಕ್ಲೂಸಿವ್ ಎಂಪ್ಲಾಯ್‌ಮೆಂಟ್ ಆಸ್ಟ್ರೇಲಿಯಾ' ಬಂದಿದೆ. ಮೊದಲು ವಾರಕ್ಕೆ 8 ಗಂಟೆಗಿಂತ ಕಮ್ಮಿ ದುಡಿಯಬಲ್ಲವರನ್ನು ಹೊರಗೇ ಇಡುತ್ತಿದ್ದರು, ಈಗ ಅವರಿಗೂ ಬಾಗಿಲು ತೆರೆದಿದ್ದಾರೆ. ಎರಡು ವರ್ಷದಲ್ಲಿ ಮುಗಿಸಬೇಕು ಎಂಬ ಮಿತಿಯನ್ನೂ ತೆಗೆದಿದ್ದಾರೆ.

ನಮ್ಮ ದೇಶದಲ್ಲೂ ಕಂತಿನ ಲೆಕ್ಕ ಹೊಸದಲ್ಲ. 2015ರಲ್ಲಿ ಕೇಂದ್ರ ಸರ್ಕಾರ ತನ್ನ ಕೌಶಲ ತರಬೇತಿ ಯೋಜನೆಗಳಿಗೆಲ್ಲ ಸಾಮಾನ್ಯ ನಿಯಮ ತಂದಿತು. ತರಬೇತಿ ಶುರುವಾದಾಗ ಶೇ 30, ಮುಗಿಸಿ ಸರ್ಟಿಫಿಕೇಟ್ ಆದಾಗ ಶೇ 50, ಕೆಲಸ ಸಿಕ್ಕಿದ ಲೆಕ್ಕದ ಮೇಲೆ ಶೇ 20. ಅಂದರೆ 80 ರೂಪಾಯಿ ತರಗತಿ ಕೋಣೆಗೆ. ಕೆಲಸದ ಜಾಗದಲ್ಲಿ ಟೇಪ್ ಅಂಟಿಸುತ್ತಾ ನಿಲ್ಲುವವರ ಹೆಸರಲ್ಲಿ ಅಲ್ಲಿ ಒಂದು ಕಂತೂ ಇರಲಿಲ್ಲ. ನಮ್ಮಲ್ಲಿ ಸರ್ಟಿಫಿಕೇಟ್ ಜಾಸ್ತಿ, ಜಾಬ್ ಕೋಚ್‌ಗಳು ಕಮ್ಮಿ ಆಗಲು ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ನಿಮ್ಮ ದಾನಿಗಳು ಇದಕ್ಕೆ ತೀರಾ ಉಲ್ಟಾ ಹೊರಟಿದ್ದಾರೆ. ಸರಿಯಾದ ಜಾಗ ಈ ಎರಡರ ನಡುವೆ ಇದೆ.

ಹಾಗಾದರೆ ಏನು ಕೇಳಬೇಕು? ನಾನಾಗಿದ್ದರೆ ಒಬ್ಬರಿಗೆ ಒಪ್ಪಿಕೊಂಡ ದರವನ್ನು ಹೀಗೆ ಹಂಚಿ ಎಂದು ಕೇಳುತ್ತಿದ್ದೆ. ವ್ಯಕ್ತಿಯ ಜೊತೆ, ಮನೆಯವರ ಜೊತೆ ಕೂತು ಯೋಜನೆ ಮಾಡಿದಾಗ ನೂರಕ್ಕೆ 20. ತಯಾರಿ ಮುಗಿದು ಒಂದು ನಿಜವಾದ ಕೆಲಸದ ಜಾಗದಲ್ಲಿ ಕೆಲವು ದಿನ ಮಾಡಿ ನೋಡಿದಾಗ 15. ಮೊದಲ ಸಂಬಳ ಬ್ಯಾಂಕಿಗೆ ಬಂದಾಗ 15. ಮೂರು ತಿಂಗಳು ನಿಂತರೆ 25. ಆರು ತಿಂಗಳು ನಿಂತರೆ 25. ಒಕ್ಲಹೋಮಾಕ್ಕಿಂತ ಶುರುವಿನ ಕಂತುಗಳಿಗೆ ಸ್ವಲ್ಪ ಜಾಸ್ತಿ ಇಟ್ಟಿದ್ದೇನೆ. ನಿಮ್ಮಂಥವರ ಹತ್ತಿರ ಕೂಡಿಟ್ಟ ಹಣ ಇರುವುದಿಲ್ಲ, ಅದಕ್ಕೆ. ದಾಖಲೆಗೆ ಆಫರ್ ಲೆಟರ್ ಬೇಡ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಂಬಳ ಬಿದ್ದ ಸಾಲು ಸಾಕು. ಕನಿಷ್ಠ ವೇತನಕ್ಕಿಂತ ಕಮ್ಮಿ ಇದ್ದರೆ ಎಣಿಕೆಗೆ ಬರಬಾರದು ಎಂದು ನೀವೇ ಬರೆಸಿ. ಅದು ನಿಮಗೂ ಕಾವಲು, ಅವರಿಗೂ ಕಾವಲು. ಮೂರನೇ ತಿಂಗಳ ಕಂತಿಗೆ, ಕೆಲಸ ಹಿಡಿಸಿದೆ ಎಂದು ಆ ವ್ಯಕ್ತಿಯ ಒಪ್ಪಿಗೆಯೂ ಇರಲಿ. ಓದಲು ಬಾರದವರಿಗೆ ಚಿತ್ರ ತೋರಿಸಿ ಕೇಳಬಹುದು, ಕಿವಿ ಕೇಳದವರಿಗೆ ಸಂಜ್ಞಾ ಭಾಷೆಯಲ್ಲಿ.

ಮೊದಲ ವರ್ಷ ಎಲ್ಲವನ್ನೂ ಕಂತಿಗೆ ಹಾಕಬೇಡಿ. ಅರ್ಧ ಹಣ ಹಳೇ ರೀತಿ, ಅರ್ಧ ಹೊಸ ರೀತಿ ಇರಲಿ. ಒಕ್ಲಹೋಮಾದಲ್ಲೂ ಮೊದಲು ಕೆಲವು ಸಂಸ್ಥೆಗಳಲ್ಲಿ ನಡೆಸಿ ನೋಡಿಯೇ ಆಮೇಲೆ ಹರಡಿದರು.

"ಮಾರ್ಚ್ ಒಳಗೆ ಖರ್ಚು ತೋರಿಸಬೇಕು, ಆರು ತಿಂಗಳ ಕಂತು ಮುಂದಿನ ವರ್ಷಕ್ಕೆ ಹೋದರೆ ನಮಗೆ ತೊಂದರೆ" ಎಂದು ಅವರು ಹೇಳಬಹುದು. ಇದಕ್ಕೆ ದಾರಿ ಇದೆ. ಕಂಪನಿ ಕಾನೂನಿನ ಸಿಎಸ್‌ಆರ್ ನಿಯಮಗಳನ್ನು 2021ರ ಜನವರಿಯಲ್ಲಿ ತಿದ್ದಿದ್ದಾರೆ. ಒಂದು ಯೋಜನೆಯನ್ನು 'ಮುಂದುವರಿಯುವ ಯೋಜನೆ' ಎಂದು ಕಂಪನಿಯ ಮಂಡಳಿ ಒಪ್ಪಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ಆ ವರ್ಷ ಉಳಿದ ಹಣವನ್ನು ಮಾರ್ಚ್ ಮುಗಿದ 30 ದಿನದೊಳಗೆ ಬೇರೆ ಬ್ಯಾಂಕ್ ಖಾತೆಗೆ ಹಾಕಿಟ್ಟು ಆಮೇಲೆ ಬಳಸಬಹುದು. ನಿಮ್ಮ ದಾನಿಗಳ ಹಣಕಾಸು ವಿಭಾಗಕ್ಕೆ ಇದು ಗೊತ್ತಿರುತ್ತದೆ. ಸಿಎಸ್‌ಆರ್ ವಿಭಾಗದವರು ಅವರನ್ನು ಕೇಳಿರುವುದಿಲ್ಲ, ಅಷ್ಟೇ. ಸಭೆಗೆ ಹಣಕಾಸಿನವರೊಬ್ಬರು ಬರಲಿ ಎಂದು ಮೊದಲೇ ವಿನಂತಿ ಮಾಡಿ.

ಕರಾರಿನಲ್ಲಿ ಬಿಟ್ಟುಹೋಗುವ ಒಂದು ಸಾಲು ಇದೆ. ಅದು ಮರಳಿ ಸೇರಿಸುವ ಕೆಲಸದ್ದು. ಟವೆಲ್ ಹುಡುಗ ನಾಲ್ಕನೇ ತಿಂಗಳು ಮನೆಯಲ್ಲಿ ಕೂತಾಗ, ಬರೀ ಮೂರು ತಿಂಗಳ ಲೆಕ್ಕ ಇದ್ದ ಸಂಸ್ಥೆಗೆ ಹಣ ಆಗಲೇ ಬಂದಿರುತ್ತಿತ್ತು. ಆ ಒಂಬತ್ತು ದಿನ ಹೋಗಲು ಯಾರಿಗೂ ಕಾರಣ ಇರುತ್ತಿರಲಿಲ್ಲ. ಕೆಲಸ ಬಿಟ್ಟವರನ್ನು ಅಲ್ಲೇ ಆಗಲಿ, ಬೇರೆ ಕಡೆ ಆಗಲಿ ಮತ್ತೆ ನಿಲ್ಲಿಸಿದರೆ ಒಂದು ಸಣ್ಣ ಮೊತ್ತ ಎಂದು ಬರೆಸಿ. ನೂರಕ್ಕೆ 10 ಸಾಕು. ಬಿಟ್ಟುಹೋದ ದಿನದಿಂದ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಬಾರದು, ನಿಂತಲ್ಲಿಂದ ಮುಂದುವರಿಯಬೇಕು ಎಂದೂ ಬರೆಸಿ. ಕಾಯಿಲೆ ಬಿದ್ದು ಎರಡು ವಾರ ಮನೆಯಲ್ಲಿದ್ದವರಿಗೂ ಇದು ಬೇಕಾಗುತ್ತದೆ, ಮಾನಸಿಕ ಕಾಯಿಲೆ ಇರುವವರಿಗಂತೂ ಬೇಕೇ ಬೇಕು.

ಇವೆಲ್ಲಕ್ಕೂ ಮೊದಲು ಒಂದು ಕೆಲಸ ಮಾಡಿಕೊಳ್ಳಿ. ಕಳೆದ ವರ್ಷ ಕೆಲಸಕ್ಕೆ ಸೇರಿಸಿದವರಲ್ಲಿ 20 ಜನರ ಕಡತ ತೆಗೆಯಿರಿ. ಪ್ರತಿಯೊಬ್ಬರಿಗೂ ನಿಮ್ಮ ಸಿಬ್ಬಂದಿ ಎಷ್ಟು ದಿನ ಕೊಟ್ಟರು, ಎಷ್ಟು ಬಸ್ ಚಾರ್ಜ್ ಆಯಿತು, ಕೆಲಸಕ್ಕೆ ಸೇರುವ ಮುಂಚೆ ಎಷ್ಟು, ಸೇರಿದ ಮೇಲೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಡೈರಿ ಇಲ್ಲದಿದ್ದರೆ ಕೋಚ್‌ಗಳನ್ನು ಕೂರಿಸಿಕೊಂಡು ನೆನಪಿಸಿಕೊಳ್ಳಿ, ಅವರಿಗೆ ದಿನದ ಲೆಕ್ಕ ಚೆನ್ನಾಗಿ ನೆನಪಿರುತ್ತದೆ. ಹೆಸರು ತೆಗೆದು ಆ ಹಾಳೆಯನ್ನು ಸಭೆಗೆ ಒಯ್ಯಿರಿ. ನಾವು ಹಾಗೆ ಒಯ್ದ ದಿನ, 2 ದಿನ ಮತ್ತು 41 ದಿನ ಎಂಬ ಸಾಲುಗಳು ಅಕ್ಕಪಕ್ಕ ಇದ್ದವು. ಎರಡು ದರದ ಮಾತನ್ನು ಮೊದಲು ತೆಗೆದವರು ಮೇಜಿನ ಆ ಕಡೆ ಕೂತಿದ್ದ ಹಣಕಾಸು ಅಧಿಕಾರಿಯೇ.